ಕ್ಯಾಂಪರ್ ವ್ಯಾನಿನ ಟಾಪ್: ಹಳೆಯದನ್ನೇ ಉಳಿಸುವುದೋ, ಬದಲಿಸುವುದೋ, ಒಳಗೆ ಏನು ಹಾಕುವುದೋ

ಹಳೆಯ ಟಿಟಿಯನ್ನೋ (ಟೆಂಪೊ ಟ್ರಾವೆಲರ್) ಟಾಟಾ ವಿಂಗರನ್ನೋ ಕೊಂಡು ಕ್ಯಾಂಪರ್, ಅಂದರೆ ಒಳಗೇ ಮಲಗಿ ಅಡುಗೆ ಮಾಡಿಕೊಳ್ಳುವ ಗಾಡಿ, ಮಾಡಿಸಲು ಹೊರಟವರು ಮೊದಲು ಕೇಳುವುದು "ಯಾವ ಇನ್ಸುಲೇಶನ್ ಒಳ್ಳೇದು?" ಎಂದು. ಅದು ಮೂರನೆಯದಾಗಿ ಕೇಳಬೇಕಾದ ಪ್ರಶ್ನೆ. ಟಾಪಿನ ತಗಡು ಎಷ್ಟು ಗಟ್ಟಿ ಇದೆ, ನೀರು ಎಲ್ಲಿಂದ ಇಳಿಯುತ್ತಿದೆ ಎಂಬುದು ಮೊದಲನೆಯದು. ಟಾಪಿನ ಬಣ್ಣ ಯಾವುದು ಎಂಬುದು ಎರಡನೆಯದು. ಈ ಎರಡಕ್ಕೆ ಸರಿಯಾದ ಉತ್ತರ ಸಿಕ್ಕಿಬಿಟ್ಟರೆ, ಒಳಗೆ ನೈಟ್ರೈಲ್ ರಬ್ಬರ್ (ಮೆತ್ತನೆಯ ರಬ್ಬರ್ ಫೋಮ್) ಹಾಕಿದಿರೋ ಪಿಐಆರ್ (ಗಟ್ಟಿ ಫೋಮಿನ ಹಲಗೆ) ಬೋರ್ಡ್ ಹಾಕಿದಿರೋ ಎಂಬುದರಿಂದ ಆಗುವ ವ್ಯತ್ಯಾಸ ಅಂಗಡಿಯವರು ಹೇಳುವಷ್ಟು ದೊಡ್ಡದಲ್ಲ. ತಪ್ಪು ಉತ್ತರ ಸಿಕ್ಕರೆ ಎಷ್ಟು ದುಬಾರಿ ಫೋಮ್ ಹಾಕಿದರೂ ಅದು ತುಕ್ಕನ್ನು ಮುಚ್ಚಿಡುವ ಹೊದಿಕೆಯಷ್ಟೇ.

ಮುಂದಿನ ಲೆಕ್ಕಗಳಿಗೆಲ್ಲ 4.5 ಮೀಟರ್ ಉದ್ದ, 1.7 ಮೀಟರ್ ಅಗಲದ ಟಾಪನ್ನು, ಅಂದರೆ ಸುಮಾರು 7.65 ಚದರ ಮೀಟರನ್ನು ಆಧಾರವಾಗಿ ಇಟ್ಟುಕೊಂಡಿದ್ದೇವೆ. ನಿಮ್ಮ ಗಾಡಿಯನ್ನು ಅಳೆದು ಅದೇ ಪ್ರಮಾಣದಲ್ಲಿ ಹೆಚ್ಚು ಕಡಿಮೆ ಮಾಡಿಕೊಳ್ಳಿ.

ಮೊದಲು ತಗಡನ್ನು ನೋಡಿ

ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬರುವ ಟಿಟಿಗಳಲ್ಲಿ ಬಹಳಷ್ಟು ಹಳದಿ ಬೋರ್ಡಿನಲ್ಲಿ ಪ್ರವಾಸಕ್ಕೆ ದುಡಿದವು. ಮೇಲೆ ಲಗೇಜ್ ಕ್ಯಾರಿಯರ್, ಹಿಂದೆ ಏಣಿ, ಕೆಲವಕ್ಕೆ ಟಾಪಿನ ಮೇಲೇ ಎಸಿ. ಇವುಗಳ ಒಂದೊಂದು ಬೋಲ್ಟಿನ ತೂತೂ ನೀರಿಗೆ ದಾರಿ. ಕ್ಯಾರಿಯರ್ ಬಿಚ್ಚಿ ಮಾರುವಾಗ ತೂತುಗಳ ಮೇಲೆ ಎಂ-ಸೀಲ್ ಮೆತ್ತಿ, ಪುಟ್ಟಿ ಎಳೆದು, ಪೇಂಟ್ ಹೊಡೆದಿರುತ್ತಾರೆ. ಎಂ-ಸೀಲ್ ಗಟ್ಟಿಯಾದ ಮೇಲೆ ಬಾಗುವುದಿಲ್ಲ, ಟಾಪಿನ ತಗಡು ಮಾತ್ರ ಗಾಡಿ ಓಡುವಾಗಲೆಲ್ಲ ಅದುರುತ್ತಲೇ ಇರುತ್ತದೆ. ಸುತ್ತ ಕೂದಲೆಳೆಯ ಬಿರುಕು ಬಿಡುತ್ತದೆ, ನೀರು ಅಲ್ಲಿಂದ ಒಳಗಿಳಿದು ಎಲ್ಲೋ ಒಂದು ಮೀಟರ್ ಆಚೆ ತೊಟ್ಟಿಕ್ಕುತ್ತದೆ.

ಫ್ರಿಜ್ಜಿಗೆ ಅಂಟಿಸುವ ಸಣ್ಣ ಮ್ಯಾಗ್ನೆಟ್ಟನ್ನು ಬಟ್ಟೆಯಲ್ಲಿ ಸುತ್ತಿ ಟಾಪಿನ ಮೇಲೆಲ್ಲ ಎಳೆದು ನೋಡಿ. ಚೆನ್ನಾಗಿ ಹಿಡಿದಲ್ಲಿ ತಗಡಿದೆ. ಹಿಡಿತ ಸಡಿಲವಾದಲ್ಲಿ ಪುಟ್ಟಿ ಇದೆ. ಒಂದಿಷ್ಟೂ ಹಿಡಿಯದಿದ್ದರೆ ಅಲ್ಲಿ ದಪ್ಪ ಪುಟ್ಟಿ ಇರಬೇಕು, ಇಲ್ಲವೇ ಆ ಭಾಗವೇ ಫೈಬರ್ ಇರಬೇಕು. ಐದು ನಿಮಿಷದ ಈ ಕೆಲಸವನ್ನು ಗಾಡಿಗೆ ಮುಂಗಡ ಕೊಡುವ ಮುಂಚೆಯೇ ಮಾಡಬೇಕು.

ಆಮೇಲೆ ಒಳಗಿನ ಸೀಲಿಂಗ್ ಪೂರ್ತಿ ಬಿಚ್ಚಿ. ಟಾಪಿನ ಕೆಳಗೆ ಅಡ್ಡಡ್ಡ ಓಡುವ ಉಕ್ಕಿನ ಪಟ್ಟಿಗಳು, ಅವು ಪಕ್ಕದ ಗೋಡೆಗೆ ಸೇರುವ ಮೂಲೆಗಳು, ಮಳೆನೀರಿನ ದೋಣಿಯ ಹಿಂಬದಿ, ಮುಂದಿನ ಗಾಜಿನ ಮೇಲಂಚು: ತುಕ್ಕು ಕೂರುವುದು ಇಲ್ಲೇ. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ. ಪುಡಿ ಉದುರಿ ಒಳಗೆ ಹೊಳೆಯುವ ತಗಡು ಕಂಡರೆ ಅದು ಮೇಲುಮೇಲಿನ ತುಕ್ಕು. ತುದಿ ಒಳಕ್ಕೆ ಇಳಿದರೆ ಆ ಭಾಗ ಹೋಯಿತು ಎಂದೇ ಲೆಕ್ಕ. ಟಾಪಿನ ನಡುವೆ ಇರುವ ತೂತಿಗೆ ಹೆದರಬೇಕಿಲ್ಲ, ಅಂಚಿನ ತುಕ್ಕಿಗೆ ಹೆದರಬೇಕು. ಹೊಸ ಶೀಟ್ ಹಿಡಿದು ನಿಲ್ಲಬೇಕಾದದ್ದು ಆ ಅಂಚನ್ನೇ.

ಸೋರಿಕೆ ಹುಡುಕಲು ಪೈಪಿನಲ್ಲಿ ನೀರು ಬಿಡುವಾಗ ಕೆಳಗಿನಿಂದ ಶುರು ಮಾಡಿ. ಮೊದಲು ದೋಣಿಯ ಒಂದು ಬದಿ ಹತ್ತು ನಿಮಿಷ, ಆಮೇಲೆ ಇನ್ನೊಂದು ಬದಿ, ಆಮೇಲೆ ಗಾಜಿನ ಮೇಲಂಚು, ಕೊನೆಗೆ ಟಾಪಿನ ನಡುಭಾಗ. ಒಳಗೆ ಒಬ್ಬರು ಟಾರ್ಚು, ಸೀಮೆಸುಣ್ಣ ಹಿಡಿದು ಕೂತಿರಬೇಕು. ಒಮ್ಮೆಲೇ ಮೇಲಿನಿಂದ ನೀರು ಸುರಿದರೆ ಎಲ್ಲೆಡೆಯೂ ಒದ್ದೆಯಾಗುತ್ತದೆ, ಎಲ್ಲಿಂದ ಬಂತು ಎಂದು ಮಾತ್ರ ತಿಳಿಯುವುದಿಲ್ಲ.

ರಿಪೇರಿ, ಹೊಸ ತಗಡು, ಅಲ್ಯೂಮಿನಿಯಂ, ಫೈಬರ್

ಅಂಚು, ದೋಣಿ, ಅಡ್ಡಪಟ್ಟಿಗಳು ಗಟ್ಟಿ ಇದ್ದು ನಡುವೆ ಕೆಲವು ಕಡೆ ಮಾತ್ರ ತೂತು ಬಿದ್ದಿದ್ದರೆ ಟಾಪ್ ಬದಲಿಸುವ ಯೋಚನೆಯನ್ನೇ ಬಿಡಿ. ತುಕ್ಕು ಹಿಡಿದ ಭಾಗವನ್ನು ಶುದ್ಧ ತಗಡು ಸಿಗುವವರೆಗೆ ಕತ್ತರಿಸಿ, 0.8 ಮಿ.ಮೀ. ಶೀಟಿನ ತುಂಡನ್ನು ಸುತ್ತ 20ರಿಂದ 25 ಮಿ.ಮೀ. ಮೇಲೆ ಹಾಯುವಂತೆ ಕೂರಿಸಬೇಕು. ವೆಲ್ಡಿಂಗ್ ಮಾಡಿಸುವುದಾದರೆ ಗ್ಯಾಸ್ ವೆಲ್ಡಿಂಗ್ ಬೇಡ, ಸಿಒ2 ವೆಲ್ಡಿಂಗೇ ಆಗಲಿ. ಹತ್ತು ಹದಿನೈದು ಮಿ.ಮೀ.ನ ಸಣ್ಣ ಬೆಸುಗೆ, ನಡುವೆ 40–50 ಮಿ.ಮೀ. ಬಿಡುವು, ಒಂದು ಇಲ್ಲಿ ಹಾಕಿದರೆ ಮುಂದಿನದು ಎದುರು ಬದಿಗೆ. ಒಂದೇ ಗೆರೆಯಲ್ಲಿ ಎಳೆದುಕೊಂಡು ಹೋದರೆ ಕಾವಿಗೆ ತಗಡು ಸೊಟ್ಟಗಾಗಿ ತಗ್ಗು ಬೀಳುತ್ತದೆ. ಮಳೆಗಾಲದಲ್ಲಿ ನೀರು ನಿಲ್ಲುವುದು ಆ ತಗ್ಗಿನಲ್ಲೇ. ಟಿಂಕರ್ ಎಷ್ಟೇ ಒಳ್ಳೆಯವರಾದರೂ "ಪುಟ್ಟಿ ಹಾಕಿ ಲೆವೆಲ್ ಮಾಡ್ತೀನಿ" ಎಂದರೆ ಒಪ್ಪಬೇಡಿ. ಟಾಪಿನ ಮೇಲೆ ದಪ್ಪ ಪುಟ್ಟಿ ಬಿಸಿಲಿಗೆ ಬಿರುಕು ಬಿಟ್ಟೇ ಬಿಡುತ್ತದೆ. ಸಣ್ಣ ಬೋಲ್ಟ್ ತೂತುಗಳಿಗೆ ಬೆಸುಗೆಯೂ ಬೇಡ. ಎರಡೂ ಬದಿ ಕೆರೆದು, ಪ್ರೈಮರ್ ಹಚ್ಚಿ, ಮೇಲಿನಿಂದ ತಗಡಿನ ಬಿಲ್ಲೆಯನ್ನು ಪಿಯು (ಪಾಲಿಯುರೆಥೇನ್) ಅಂಟಿನಲ್ಲಿ ಕೂರಿಸಿದರೆ ಸಾಕು.

ಉಳಿದ ಮೇಲುತುಕ್ಕಿಗೆ ಕ್ರಮ ಹೀಗೆ: ಗ್ರೈಂಡರಿಗೆ ಫ್ಲ್ಯಾಪ್ ಡಿಸ್ಕ್ ಹಾಕಿ ಕೆರೆಯುವುದು, ಗುಳಿಗಳಲ್ಲಿ ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಮ್ಲ ಇರುವ ರಸ್ಟ್ ಕನ್ವರ್ಟರ್, ಅದು ಒಣಗಿದ ಮೇಲೆ ತೊಳೆದು ಒರೆಸಿ ಅದೇ ದಿನ ಎಪಾಕ್ಸಿ ಪ್ರೈಮರ್. ಕೆರೆದ ತಗಡನ್ನು ಒಂದು ರಾತ್ರಿ ಹಾಗೇ ಬಿಟ್ಟರೆ ಕರಾವಳಿಯ ಗಾಳಿಯಲ್ಲಿ ಬೆಳಗಾಗುವಷ್ಟರಲ್ಲಿ ಕೆಂಪು ಏರಿರುತ್ತದೆ.

ತಗಡು ಪೂರ್ತಿ ತಿಂದುಹೋಗಿ ಅಡ್ಡಪಟ್ಟಿಗಳು ಉಳಿದಿದ್ದರೆ ಹೊಸ ಉಕ್ಕಿನ ಶೀಟ್ ಸರಿಯಾದ ಆಯ್ಕೆ. ಕಂಪನಿಯ ಟಾಪ್ ಪ್ಯಾನೆಲ್ ಸಿಗುತ್ತದೆಯೇ, ಗುಜರಿಯಲ್ಲಿ ಅದೇ ಮಾದರಿಯ ಒಳ್ಳೆಯ ಟಾಪ್ ಇದೆಯೇ ಎಂದು ಮೊದಲು ವಿಚಾರಿಸಿ. ಎರಡೂ ಸಿಗದಿದ್ದರೆ ಮಾತ್ರ ಶೀಟಿನಿಂದ ಕಟ್ಟಿಸುವುದು. ಮುಂದಿನ ಗಾಜಿನ ಮೇಲಿರುವ ಭಾಗ ಎರಡು ದಿಕ್ಕಿಗೂ ಬಾಗಿರುತ್ತದೆ. ಅಷ್ಟು ಬಾಗು ಕೈಯಲ್ಲಿ ಬಡಿದು ತರುವುದು ಕಷ್ಟ. ಅದು ಗಟ್ಟಿ ಇದ್ದರೆ ಮುಂದಿನ 300–400 ಮಿ.ಮೀ. ಹಳೆಯದನ್ನೇ ಉಳಿಸಿಕೊಂಡು ಅದರ ಹಿಂದೆ ಇರುವ ಅಡ್ಡಪಟ್ಟಿಯ ಮೇಲೆ ಜಾಯಿಂಟ್ ಕೊಡುವುದು ಜಾಣತನ.

ಹಳೆಯ ತಗಡು ತೆಗೆಯುವ ಮುಂಚೆ ಒಳಗೆ 25 ಮಿ.ಮೀ. ಚೌಕ ಪೈಪಿನಿಂದ ಮೂಲೆಯಿಂದ ಮೂಲೆಗೆ ಅಡ್ಡ ಆಧಾರ ಕೊಡಲೇಬೇಕು. ಟಾಪ್ ಇಲ್ಲದ ಬಾಡಿ ಕೆಲವೇ ಮಿ.ಮೀ. ವಾಲಿದರೂ ಹೊಸ ಟಾಪ್ ಕೂತ ಮೇಲೆ ಜಾರುಬಾಗಿಲು ಮುಚ್ಚುವುದಿಲ್ಲ. ಬೆಸುಗೆ ಚುಕ್ಕಿಗಳನ್ನು ಸ್ಪಾಟ್ ವೆಲ್ಡ್ ಕಟರಿನಿಂದ ಒಂದೊಂದಾಗಿ ಕೊರೆದು ಬಿಡಿಸಿ. ಉಳಿಯಿಂದ ಎಬ್ಬಿಸಿದರೆ ಕೆಳಗಿನ ಅಂಚೂ ಹರಿಯುತ್ತದೆ.

ಮಾರುಕಟ್ಟೆಯ ಎಂಟು ಅಡಿಗೆ ನಾಲ್ಕು ಅಡಿಯ ಶೀಟ್ 2440 × 1220 ಮಿ.ಮೀ. ಇರುತ್ತದೆ. ಉದ್ದವನ್ನು ಗಾಡಿಗೆ ಅಡ್ಡವಾಗಿ ಹಾಕಿದರೆ ನಾಲ್ಕು ಶೀಟ್ ಬೇಕು: 50 ಮಿ.ಮೀ.ನ ಮೂರು ಜಾಯಿಂಟ್ ಕಳೆದರೂ 4.73 ಮೀಟರ್ ಸಿಗುತ್ತದೆ. ಪ್ರತಿ ಜಾಯಿಂಟೂ ಒಂದು ಅಡ್ಡಪಟ್ಟಿಯ ಮೇಲೆಯೇ ಬರುವಂತೆ ಕತ್ತರಿಸಿ. ಮುಂದಿನ ಶೀಟ್ ಹಿಂದಿನ ಶೀಟಿನ ಮೇಲೆ ಕೂರಬೇಕು. ಉಲ್ಟಾ ಆದರೆ ಹೆದ್ದಾರಿಯಲ್ಲಿ ಓಡುವಾಗ ಗಾಳಿಯೇ ಮಳೆನೀರನ್ನು ಸಂದಿಗೆ ನುಗ್ಗಿಸುತ್ತದೆ. 0.8 ಮಿ.ಮೀ. ಉಕ್ಕು ಚದರ ಮೀಟರಿಗೆ 6.3 ಕೆ.ಜಿ. ತೂಗುತ್ತದೆ, ಮಡಿಕೆಗಳೂ ಸೇರಿ ಎಂಟು ಚದರ ಮೀಟರಿಗೆ 50 ಕೆ.ಜಿ. ಸತು ಲೇಪಿಸಿದ ಜಿಐ ಶೀಟ್ ತುಕ್ಕಿಗೆ ಒಳ್ಳೆಯದು, ಆದರೆ ಬೆಸುಗೆ ಬೀಳುವಲ್ಲಿ ಸತುವನ್ನು ಕೆರೆದು ತೆಗೆಯಬೇಕು. ಸತುವಿನ ಹೊಗೆ ಕುಡಿದರೆ ವೆಲ್ಡರಿಗೆ ರಾತ್ರಿ ಚಳಿಜ್ವರ ಬರುತ್ತದೆ. ಈ ಕೆಲಸ ಬಯಲಲ್ಲೇ ಆಗಲಿ.

ಅಲ್ಯೂಮಿನಿಯಂ 1.2 ಮಿ.ಮೀ. ಶೀಟ್ ಅಷ್ಟೇ ಜಾಗಕ್ಕೆ 26 ಕೆ.ಜಿ. ಅರ್ಧ ತೂಕ, ಕೆಂಪು ತುಕ್ಕಿಲ್ಲ. ಇಷ್ಟಕ್ಕೇ ಮರುಳಾಗುವವರು ಹೆಚ್ಚು. ತೊಂದರೆ ಎರಡು. ಅಲ್ಯೂಮಿನಿಯಂ ಬಿಸಿಗೆ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ: 4.5 ಮೀಟರ್ ಉದ್ದದಲ್ಲಿ 50 ಡಿಗ್ರಿ ಏರಿಕೆಗೆ ಉಕ್ಕು 2.7 ಮಿ.ಮೀ., ಅಲ್ಯೂಮಿನಿಯಂ 5.2 ಮಿ.ಮೀ. ಬರೀ ರಿವೆಟ್ ಹೊಡೆದರೆ ದಿನವೂ ಈ ಎಳೆದಾಟದಲ್ಲಿ ತೂತುಗಳು ಅಗಲವಾಗುತ್ತ ಹೋಗುತ್ತವೆ. ಎರಡನೆಯದು, ಉಕ್ಕಿನ ಮೇಲೆ ಅಲ್ಯೂಮಿನಿಯಂ ನೇರವಾಗಿ ತಾಗಿ ನಡುವೆ ಉಪ್ಪುನೀರು ಸೇರಿದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಕರಗುತ್ತದೆ. ಕಾರವಾರದಿಂದ ಮಂಗಳೂರಿನವರೆಗೆ ಗಾಡಿ ನಿಲ್ಲಿಸುವವರು ಇದನ್ನು ಮರೆಯುವಂತಿಲ್ಲ. ಇದಕ್ಕೆಲ್ಲ ದಾರಿ ಪಿಯು ಅಂಟು. ಉಕ್ಕಿಗೆ ಎಪಾಕ್ಸಿ ಪ್ರೈಮರ್ ಹಚ್ಚಿ, 10 ಮಿ.ಮೀ. ಅಗಲ 12 ಮಿ.ಮೀ. ಎತ್ತರದ ತ್ರಿಕೋನ ಗೆರೆ ಎಳೆದು, ನಡುವೆ 3 ಮಿ.ಮೀ. ರಬ್ಬರ್ ತುಣುಕುಗಳನ್ನಿಟ್ಟು ಶೀಟ್ ಕೂರಿಸಬೇಕು. ಆ 3 ಮಿ.ಮೀ. ದಪ್ಪವೇ ಹಿಗ್ಗು ಕುಗ್ಗುವಿಕೆಯನ್ನು ತಾಳುವುದು. ಒತ್ತಿ ಒತ್ತಿ ಅಂಟನ್ನೆಲ್ಲ ಹೊರಗೆ ಹಿಂಡಿದರೆ ಉಳಿದ ತೆಳು ಪದರ ಹರಿದುಹೋಗುತ್ತದೆ. ಮೀಟರಿಗೆ 60 ಮಿ.ಲೀ. ಬೇಕು. ಸುತ್ತಳತೆ 12.4 ಮೀಟರ್, ಎಂಟು ಅಡ್ಡಪಟ್ಟಿಗಳಿದ್ದರೆ ಇನ್ನು 13.6 ಮೀಟರ್, ಒಟ್ಟು ಸುಮಾರು ಒಂದೂವರೆ ಲೀಟರ್. 300 ಮಿ.ಲೀ.ನ ಐದು ಟ್ಯೂಬು ಲೆಕ್ಕಕ್ಕೆ, ಒಂದು ಕೈಗಾವಲಿಗೆ. ಸಿಕಾಫ್ಲೆಕ್ಸ್ 252 ಥರದ ಅಂಟುವ ದರ್ಜೆ ಬೇರೆ, 221 ಥರದ ಸಂದು ಮುಚ್ಚುವ ದರ್ಜೆ ಬೇರೆ. ಶೀಟ್ ಹಿಡಿಸಲು ಮೊದಲನೆಯದು, ಅಂಚು ಮುಚ್ಚಲು ಎರಡನೆಯದು. ಬಾತ್‌ರೂಮಿನ ಸಿಲಿಕಾನ್ ಮಾತ್ರ ಟಾಪಿನ ಹತ್ತಿರ ಬರಕೂಡದು. ವಿನೆಗರ್ ವಾಸನೆ ಬರುವ ಜಾತಿ ತಗಡನ್ನೇ ತಿನ್ನುತ್ತದೆ, ಯಾವ ಜಾತಿಯಾದರೂ ಅದರ ಮೇಲೆ ಮುಂದೆ ಪೇಂಟ್ ನಿಲ್ಲುವುದಿಲ್ಲ.

ಫೈಬರ್ ಟಾಪ್ ಬೇಕಾಗುವುದು ಒಳಗೆ ನೆಟ್ಟಗೆ ನಿಲ್ಲುವ ಎತ್ತರ ಬೇಕೆನ್ನುವವರಿಗೆ. ಚದರ ಮೀಟರಿಗೆ 450 ಗ್ರಾಂ ತೂಗುವ ಗಾಜಿನ ನಾರಿನ ಮ್ಯಾಟಿನ ಒಂದು ಪದರ ರಾಳ ಕುಡಿದು ಹೆಚ್ಚುಕಡಿಮೆ ಒಂದು ಮಿ.ಮೀ. ಆಗುತ್ತದೆ. ಟಾಪಿಗೆ ನಾಲ್ಕು ಪದರ ಬೇಕು, ಅಂದರೆ ಚದರ ಮೀಟರಿಗೆ ಸುಮಾರು 6 ಕೆ.ಜಿ., ಉಕ್ಕಿನಷ್ಟೇ. ತೂಕ ಉಳಿಯುತ್ತದೆ ಎಂಬ ಮಾತು ನಿಜವಲ್ಲ. ತುಕ್ಕು ಇಲ್ಲ ಎಂಬುದು ನಿಜ, ಮಳೆಯ ಸದ್ದು ಕಡಿಮೆ ಎಂಬುದೂ ನಿಜ. ಆದರೆ ಉಕ್ಕಿನ ಟಾಪನ್ನು ಅಡ್ಡಪಟ್ಟಿಗಳ ಸಮೇತ ಕತ್ತರಿಸಿ ತೆಗೆದು ಬರೀ ಫೈಬರ್ ಕೂರಿಸಿದರೆ ಗಾಡಿ ಮಗುಚಿದಾಗ ಒಳಗಿದ್ದವರನ್ನು ಕಾಯುವ ಹಂದರವೇ ಇರುವುದಿಲ್ಲ. ಒಳಗೆ ಉಕ್ಕಿನ ಚೌಕಟ್ಟು ಕಟ್ಟಿ ಪಕ್ಕದ ಕಂಬಗಳಿಗೆ ಸೇರಿಸದ ವರ್ಕ್‌ಶಾಪಿನಲ್ಲಿ ಈ ಕೆಲಸ ಮಾಡಿಸಬೇಡಿ. ಬಸ್ ಬಾಡಿ ಕಟ್ಟುವವರ ಹತ್ತಿರ ಹೋಗಿ.

ಕಾನೂನಿನ ಮಾತೂ ಇಲ್ಲೇ ಬರುತ್ತದೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟ ವಿವರಕ್ಕೆ ಹೊಂದದಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಎತ್ತರ ಬದಲಾದರೆ ಗಾಡಿಯ ಅಳತೆ ಬದಲಾದಂತೆ. ಬಣ್ಣವೂ ಆರ್‌ಸಿಯಲ್ಲಿ ದಾಖಲಾಗುವ ವಿವರವೇ. ಕ್ಯಾರವಾನ್ ಎಂದು ಮಂಜೂರಾತಿ ಪಡೆಯಲು ಎಐಎಸ್-124 ಎಂಬ ಪ್ರತ್ಯೇಕ ಮಾನದಂಡ ಇದೆ. ಇದ್ದ ಟಾಪಿನ ಜಾಗಕ್ಕೆ ಅದೇ ಎತ್ತರದ ಟಾಪ್ ಕೂರಿಸುವುದಕ್ಕೂ ಅರ್ಧ ಮೀಟರ್ ಎತ್ತರಿಸುವುದಕ್ಕೂ ಇಲ್ಲಿ ಬಹಳ ಅಂತರವಿದೆ. ಎತ್ತರಿಸುವುದಾದರೆ ಗ್ರೈಂಡರ್ ಮುಟ್ಟುವ ಮುಂಚೆ ಆರ್‌ಟಿಒ ಒಪ್ಪಿಗೆ ಕಾಗದದಲ್ಲಿ ಕೈಗೆ ಬಂದಿರಲಿ. ಬಾಯಿಮಾತು ವಿಮೆಯ ಕ್ಲೇಮಿನ ಹೊತ್ತಿಗೆ ಕೆಲಸಕ್ಕೆ ಬಾರದು.

ಎತ್ತಿ ಇಳಿಸುವ ಕ್ಯಾನ್ವಾಸ್ ಟಾಪ್ ಬಗ್ಗೆ ಒಂದೇ ಮಾತು: ಮಲೆನಾಡಿನ ಮಳೆಗಾಲದಲ್ಲಿ ಬಳಸುವ ಗಾಡಿಗೆ ಬೇಡ. ಒದ್ದೆ ಬಟ್ಟೆಯನ್ನು ಮಡಿಸಿಟ್ಟರೆ ಬೂಷ್ಟು ಹಿಡಿಯುತ್ತದೆ, ಬಟ್ಟೆಗೆ ಇನ್ಸುಲೇಶನ್ ಎಂಬುದೂ ಇರುವುದಿಲ್ಲ.

ಫೋಮ್ ಮಾಡುವಷ್ಟೇ ಕೆಲಸ ಬಣ್ಣವೂ ಮಾಡುತ್ತದೆ

ಏಪ್ರಿಲ್ ತಿಂಗಳ ಮಧ್ಯಾಹ್ನ, ನೆರಳಿನಲ್ಲಿ 35 ಡಿಗ್ರಿ ಇದ್ದಾಗ, ಗಾಳಿ ಕಡಿಮೆ ಇದ್ದರೆ ಕಪ್ಪು ಅಥವಾ ಕಡು ಬಣ್ಣದ ತಗಡು 75 ಡಿಗ್ರಿ ಮುಟ್ಟುತ್ತದೆ. ಶುಭ್ರ ಬಿಳಿ ಬಣ್ಣದ ತಗಡು 46ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಒಳಗೆ 30 ಡಿಗ್ರಿ ಕಾಯ್ದುಕೊಳ್ಳಬೇಕೆಂದು ಇಟ್ಟುಕೊಂಡು, ಅಡ್ಡಪಟ್ಟಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ, ಟಾಪಿನಿಂದ ಒಳಗೆ ಇಳಿಯುವ ಶಾಖ ಎಷ್ಟೆಂದು ನೋಡೋಣ.

ಬರೀ 4 ಮಿ.ಮೀ. ಪ್ಲೈವುಡ್ ಸೀಲಿಂಗ್ ಇದ್ದರೆ: ಕಡು ಟಾಪಿನಲ್ಲಿ ಸುಮಾರು 900 ವ್ಯಾಟ್, ಬಿಳಿ ಟಾಪಿನಲ್ಲಿ 320.
25 ಮಿ.ಮೀ. ನೈಟ್ರೈಲ್ ರಬ್ಬರ್ ಹಾಕಿದರೆ: ಕಡು 380, ಬಿಳಿ 135.
25 ಮಿ.ಮೀ. ಪಿಐಆರ್ ಹಾಕಿದರೆ: ಕಡು 270, ಬಿಳಿ 95.

ಫೋಮ್ ಒಂದಿಷ್ಟೂ ಇಲ್ಲದ ಬಿಳಿ ಟಾಪ್, ನೈಟ್ರೈಲ್ ಹಾಕಿದ ಕಡು ಟಾಪಿಗಿಂತ ಕಡಿಮೆ ಶಾಖ ಬಿಡುತ್ತದೆ. ರಾಯಚೂರು, ಕಲಬುರಗಿ ಕಡೆಯ ಬಿಸಿಲಿಗೆ ಗಾಡಿ ಕಟ್ಟುವವರು ಈ ಮೂರು ಸಾಲನ್ನು ಗ್ಯಾರೇಜಿನ ಗೋಡೆಗೆ ಬರೆದು ಹಾಕಬೇಕು. ನೈಟ್ರೈಲಿಗೂ ಪಿಐಆರಿಗೂ ಬಿಳಿ ಟಾಪಿನ ಕೆಳಗೆ ಇರುವ ಅಂತರ 40 ವ್ಯಾಟ್, ಹೆಚ್ಚುಕಡಿಮೆ ಒಂದು ಸಣ್ಣ ಫ್ಯಾನಿನಷ್ಟು.

ಹೊಳೆಯುವ ಅಲ್ಯೂಮಿನಿಯಂ ಅಥವಾ ಜಿಐ ಶೀಟನ್ನು ಹಾಗೇ ಬಿಟ್ಟರೆ ತಂಪಿರುತ್ತದೆ ಎಂಬ ನಂಬಿಕೆ ತಪ್ಪು. ಬರಿ ಲೋಹ ಬಿಸಿಲನ್ನು ಹಿಮ್ಮೆಟ್ಟಿಸಿದರೂ ಹೀರಿದ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುವುದರಲ್ಲಿ ಬಹಳ ಜಿಪುಣ. ಅದರ ಮೇಲೂ ಬಿಳಿ ಬಳಿಯಬೇಕು. ಮನೆಯ ತಾರಸಿಗೆ ಹಚ್ಚುವ ಬಿಳಿ ಲೇಪ ಬೇಡ, ಅದು ಸಿಮೆಂಟಿಗೆಂದು ಮಾಡಿದ್ದು. ಪ್ರೈಮರ್ ಮೇಲೆ ಗಾಡಿಗೆ ಹೊಡೆಯುವ ಎರಡು ಘಟಕಗಳ ಪಿಯು ಬಿಳಿಯೇ ಇರಲಿ, ನುಣುಪಾದಷ್ಟೂ ಧೂಳು ಬೇಗ ತೊಳೆದುಹೋಗುತ್ತದೆ. ಧೂಳು ಕೂತ ಬಿಳಿ ಟಾಪ್ 55 ಡಿಗ್ರಿ ಸುಮಾರಿಗೆ ಏರುತ್ತದೆ, ಆದ್ದರಿಂದ ಬೇಸಿಗೆಯಲ್ಲಿ ಆಗಾಗ ತೊಳೆಯುವುದೂ ಇನ್ಸುಲೇಶನ್ನಿನ ಭಾಗವೇ.

ಒಳಗೆ ಏನು ಹಾಕುವುದು

ನೈಟ್ರೈಲ್ ರಬ್ಬರ್ ನಮ್ಮ ಮೊದಲ ಆಯ್ಕೆ. ಎಸಿ ಡಕ್ಟಿಂಗ್ ಸಾಮಾನು ಮಾರುವಲ್ಲಿ ಕಪ್ಪು ರೋಲಿನಲ್ಲಿ, 9, 13, 19, 25 ಮಿ.ಮೀ. ದಪ್ಪದಲ್ಲಿ, ಹಿಂದೆ ಅಂಟು ಇರುವಂಥದ್ದೂ ಇಲ್ಲದ್ದೂ ಸಿಗುತ್ತದೆ. ಶಾಖವಾಹಕತೆ (ಕಡಿಮೆ ಇದ್ದಷ್ಟೂ ಒಳ್ಳೆಯದು) 0.035ರ ಸುಮಾರು. ಅಂಕಿಯಲ್ಲಿ ಪಿಐಆರಿಗಿಂತ (0.023) ಹಿಂದೆ. ಆದರೆ ಟಾಪ್ ಎಷ್ಟು ಬಾಗಿದ್ದರೂ ಅದಕ್ಕೆ ಪೂರ್ತಿ ಮೆತ್ತಿಕೊಳ್ಳುತ್ತದೆ, ತಗಡಿಗೂ ಫೋಮಿಗೂ ನಡುವೆ ಗಾಳಿಯೇ ಉಳಿಯುವುದಿಲ್ಲ. ಗಾಳಿ ಇಲ್ಲದಲ್ಲಿ ತೇವ ಕೂರುವುದಿಲ್ಲ. 100 ಡಿಗ್ರಿವರೆಗೂ ಜಗ್ಗುವುದಿಲ್ಲ. ಕ್ಲಾಸ್ ಓ ಎಂದು ನಮೂದಿಸಿದ ದರ್ಜೆಯನ್ನೇ ಕೇಳಿ, ಬೆಂಕಿ ಹರಡುವುದು ಕಡಿಮೆ. 25 ಮಿ.ಮೀ. ಒಂದೇ ಹಾಳೆಗಿಂತ 13 ಮಿ.ಮೀ. ಎರಡು ಪದರ ಹಾಕಿ, ಮೇಲಿನ ಪದರದ ಜಾಯಿಂಟ್ ಕೆಳಗಿನದರ ಮೇಲೆ ಬೀಳದಂತೆ ಸರಿಸಿದರೆ ಸಂದುಗಳು ಮುಚ್ಚುತ್ತವೆ. ಪದರಕ್ಕೆ ಶೇ 10 ವ್ಯರ್ಥ ಸೇರಿಸಿ 8.5 ಚದರ ಮೀಟರ್, ಎರಡಕ್ಕೆ 17. ತೂಕ ಹತ್ತು ಕೆ.ಜಿ. ಆಸುಪಾಸು. ಕೆಡುವುದು ಎಲ್ಲಿ ಎಂದರೆ ಅಂಟಿಸುವಾಗ: ಧೂಳಿನ ಮೇಲೆ ಅಥವಾ ಬಿಸಿಲಲ್ಲಿ ಕಾದ ತಗಡಿಗೆ ಅಂಟಿಸಿದರೆ ಮೊದಲ ಬೇಸಿಗೆಗೇ ನಡುವೆ ಜೋತುಬೀಳುತ್ತದೆ. ತಗಡನ್ನು ಥಿನ್ನರಿನಲ್ಲಿ ಒರೆಸಿ, ಬೆಳಗಿನ ತಂಪಿನಲ್ಲಿ ಅಂಟಿಸಿ ರೋಲರಿನಿಂದ ಒತ್ತಬೇಕು. ಹಾಳೆಯನ್ನು ಎಳೆದು ಅಂಟಿಸಬೇಡಿ. ಎಳೆದದ್ದು ಕುಗ್ಗಿ ಜಾಯಿಂಟಿನಲ್ಲಿ ಸಂದು ಬಿಡುತ್ತದೆ.

ಎಕ್ಸ್‌ಎಲ್‌ಪಿಇ (ಪಾಲಿಎಥಿಲೀನ್ ಫೋಮ್) ಇದರ ಅಗ್ಗದ ಸೋದರ. ಶಾಖ ತಡೆಯುವುದರಲ್ಲಿ ಸಮಸಮ, ಬಾಗುವುದರಲ್ಲಿ ಸ್ವಲ್ಪ ಬಿಗಿ. ಬಿಳಿ ಟಾಪಿನ ಕೆಳಗೆ ಧಾರಾಳವಾಗಿ ನಡೆಯುತ್ತದೆ. ಕೈಯಲ್ಲಿ ಹಣ ಕಡಿಮೆ ಇದ್ದರೆ ಇದನ್ನೇ ಹಾಕಿ, ಉಳಿದ ಹಣ ಪೇಂಟಿಗೆ ಹೋಗಲಿ.

ಪಿಐಆರ್ ಬೋರ್ಡ್ ಕಡಿಮೆ ದಪ್ಪದಲ್ಲಿ ಹೆಚ್ಚು ತಡೆಯುತ್ತದೆ, ಶಾಖಕ್ಕೂ ಜಗ್ಗುವುದಿಲ್ಲ. ಆದರೆ ಬೋರ್ಡು ನೇರ, ಟಾಪು ಬಾಗು. ಬೋರ್ಡಿನ ಒಂದು ಮೈಯಲ್ಲಿ 75–100 ಮಿ.ಮೀ.ಗೊಂದರಂತೆ ಅರ್ಧ ದಪ್ಪದ ಗರಗಸದ ಗೆರೆ ಎಳೆದರೆ ಸ್ವಲ್ಪ ಬಾಗುತ್ತದೆ, ಪೂರ್ತಿ ಅಲ್ಲ. ಉಳಿದ ಸಂದಿನಲ್ಲಿ ರಾತ್ರಿಯ ಹಬೆ ನೀರಾಗುತ್ತದೆ. ಸಮತಟ್ಟು ಟಾಪಿನ ಬಾಕ್ಸ್ ಬಾಡಿಗೆ ಇದು ಒಳ್ಳೆಯದು, ಬಾಗಿದ ವ್ಯಾನ್ ಟಾಪಿಗೆ ನಮ್ಮ ಶಿಫಾರಸು ಇಲ್ಲ.

ಥರ್ಮೊಕೋಲ್, ಅದಕ್ಕಿಂತ ಗಟ್ಟಿ ಹಲಗೆಯಾಗಿ ಬರುವ ಎಕ್ಸ್‌ಪಿಎಸ್ ಎರಡೂ ಪಾಲಿಸ್ಟೈರೀನ್. 75 ಡಿಗ್ರಿ ಹತ್ತಿರ ಬಂದರೆ ಮೆತ್ತಗಾಗುತ್ತವೆ, ಕಡು ಟಾಪ್ ಅಷ್ಟೇ ಕಾಯುತ್ತದೆ. ಇನ್ನೊಂದು ಸಂಗತಿ ಗ್ಯಾರೇಜಿನಲ್ಲಿ ಯಾರೂ ಹೇಳುವುದಿಲ್ಲ: ಥಿನ್ನರ್ ಇರುವ ರಬ್ಬರ್ ಗಮ್ ಇವನ್ನು ಕರಗಿಸುತ್ತದೆ. ಬೆಳಿಗ್ಗೆ ಅಂಟಿಸಿದ ಥರ್ಮೊಕೋಲ್ ಸಂಜೆಗೆ ಗೆದ್ದಲು ತಿಂದ ಹಲಗೆಯಂತೆ ಗುಳಿಗುಳಿಯಾಗಿರುತ್ತದೆ. ಹಾಕಲೇಬೇಕೆಂದರೆ ಎಕ್ಸ್‌ಪಿಎಸ್ ಇರಲಿ, ಅಂಟು ಪಿಯು ಜಾತಿಯದಿರಲಿ, ಟಾಪ್ ಬಿಳಿ ಇರಲಿ. ಒಳಗೆ ಸ್ಟವ್ ಉರಿಸುವ ಗಾಡಿಗೆ ಸಾದಾ ಥರ್ಮೊಕೋಲ್ ಬೇಡವೇ ಬೇಡ.

ಸ್ಪ್ರೇ ಪಿಯು ಫೋಮ್ ಮೂಲೆಮೂಲೆಗೂ ಹೋಗಿ ಕೂರುತ್ತದೆ, ಅಂಕಿಯೂ ಪಿಐಆರಿಗೆ ಹತ್ತಿರ. ಆದರೆ ಗಟ್ಟಿಯಾಗುವಾಗ ಕಾವು ಬಿಟ್ಟು ಉಬ್ಬುತ್ತದೆ. ಒಂದೇ ಸಲ ದಪ್ಪಗೆ ಹೊಡೆದರೆ 0.8 ಮಿ.ಮೀ. ತಗಡು ಹೊರಗೆ ಉಬ್ಬುತ್ತದೆ, ತಣಿದ ಮೇಲೆ ಒಳಗೆ ಎಳೆದುಕೊಳ್ಳುತ್ತದೆ. ಮುಂದೆ ಟಾಪಿಗೆ ವೆಲ್ಡಿಂಗ್ ಮಾಡುವಂತಿಲ್ಲ, ಸತ್ತ ವೈರ್ ಎಳೆದು ತೆಗೆಯುವಂತಿಲ್ಲ, ತುಕ್ಕು ಬಂದರೆ ಕಾಣುವುದೂ ಇಲ್ಲ. ಹಳೆಯ ಗಾಡಿಗೆ ಹೊಡೆಸಬೇಡಿ. ಹೊಸ ತಗಡಿಗೆ ಹೊಡೆಸುವುದಾದರೆ ವೈರುಗಳನ್ನೆಲ್ಲ ಮೊದಲೇ ಪೈಪಿನೊಳಗೆ ಎಳೆದು, 25 ಮಿ.ಮೀ. ಮೀರದ ಪದರದಲ್ಲಿ, ಒಂದು ತಣಿದ ಮೇಲೆ ಇನ್ನೊಂದು. ಡಬ್ಬಿಯಲ್ಲಿ ಬರುವ ಬಾಗಿಲ ಸಂದಿ ತುಂಬುವ ಫೋಮನ್ನು ಅಡ್ಡಪಟ್ಟಿಗಳ ಪೊಳ್ಳಿನೊಳಗೆ ತುಂಬಬೇಡಿ. ಅದು ನೀರನ್ನು ಹಿಡಿದಿಟ್ಟುಕೊಂಡು ಪಟ್ಟಿಯನ್ನು ಒಳಗಿನಿಂದಲೇ ಕೊಳೆಸುತ್ತದೆ.

ಗ್ಲಾಸ್ ವೂಲ್ ಬೇಡ ಎನ್ನಲು ಅದು ಚುಚ್ಚುತ್ತದೆ ಎಂಬುದಕ್ಕಿಂತ ದೊಡ್ಡ ಕಾರಣವಿದೆ. ತೇವ ನುಗ್ಗದಂತೆ ಅದರ ಒಂದು ಬದಿಗೆ ಪ್ಲಾಸ್ಟಿಕ್ ಹಾಳೆ ಹಾಕಬೇಕು. ಯಾವ ಬದಿಗೆ? ಮಡಿಕೇರಿಯ ಚಳಿಯ ರಾತ್ರಿಯಲ್ಲಿ ತೇವ ಒಳಗಿನಿಂದ ಟಾಪಿನ ಕಡೆಗೆ ಹೋಗುತ್ತದೆ. ಮಂಗಳೂರಿನ ಸೆಕೆಯಲ್ಲಿ ಎಸಿ ಹಾಕಿ ಕೂತರೆ ಹೊರಗಿನ ತೇವ ಒಳಕ್ಕೆ ನುಗ್ಗುತ್ತದೆ. ಒಂದೇ ಗಾಡಿ ಎರಡೂ ಕಡೆ ಓಡಾಡುತ್ತದೆ, ಹಾಳೆ ಯಾವ ಬದಿಗೆ ಇದ್ದರೂ ಅರ್ಧ ಕಾಲ ತಪ್ಪು ಬದಿಯೇ. ತನ್ನೊಳಗೇ ತೇವ ಬಿಟ್ಟುಕೊಳ್ಳದ ಮುಚ್ಚಿದ ಕೋಶಗಳ ಫೋಮಿಗೆ ಈ ತಾಪತ್ರಯ ಇಲ್ಲ.

ಹೊಳೆಯುವ ಬಬಲ್ ಹಾಳೆಯನ್ನು ತಗಡಿಗೆ ನೇರ ಅಂಟಿಸಿದರೆ ಅದರ ಹೊಳಪಿಗೆ ಕೆಲಸವೇ ಇಲ್ಲ. ಹೊಳೆಯುವ ಮೈ ಮುಂದೆ ಕನಿಷ್ಠ 20 ಮಿ.ಮೀ. ಗಾಳಿಯ ಜಾಗ ಬೇಕು, ಅಷ್ಟು ಎತ್ತರ ಬಿಡುವುದಾದರೆ ಅಲ್ಲಿ ಫೋಮನ್ನೇ ತುಂಬಬಹುದು. ಬ್ಯುಟೈಲ್ ಡ್ಯಾಂಪಿಂಗ್ ಹಾಳೆ ಇನ್ಸುಲೇಶನ್ ಅಲ್ಲ, ಸದ್ದಿಗೆ ಮಾತ್ರ. ಆದರೆ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಸುರಿಯುವ ಆಗುಂಬೆಯಂಥ ಕಡೆ ಉಕ್ಕಿನ ಟಾಪಿನ ಕೆಳಗೆ ಮಲಗುವವರಿಗೆ ಅದರ ಬೆಲೆ ಗೊತ್ತಾಗುತ್ತದೆ. ಪ್ರತಿ ಎರಡು ಪಟ್ಟಿಗಳ ನಡುವಿನ ತಗಡಿನ ಮಧ್ಯಕ್ಕೆ, ಮೂರರಲ್ಲೊಂದು ಭಾಗ ಮುಚ್ಚುವಷ್ಟು ಅಂಟಿಸಿ, ಅದರ ಮೇಲೆ ನೈಟ್ರೈಲ್. ಪೂರ್ತಿ ಮುಚ್ಚಿದರೆ ತೂಕ ಏರುತ್ತದೆ, ಸದ್ದು ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ.

ಅಡ್ಡಪಟ್ಟಿ ಮತ್ತು ಬೆವರು

ಪಟ್ಟಿಗಳ ನಡುವೆ ಚೆನ್ನಾಗಿ ಫೋಮ್ ತುಂಬಿ ಪಟ್ಟಿಗಳನ್ನು ಬರಿದಾಗಿ ಬಿಟ್ಟು ಪ್ಲೈವುಡ್ಡನ್ನು ನೇರ ಅವಕ್ಕೇ ಸ್ಕ್ರೂ ಮಾಡುವುದು ಎಲ್ಲೆಲ್ಲೂ ಕಾಣುವ ತಪ್ಪು. ಉಕ್ಕು ಈ ಫೋಮಿಗಿಂತ ಸಾವಿರ ಪಟ್ಟು ಹೆಚ್ಚು ಶಾಖ ಹರಿಸುತ್ತದೆ. ಬೆಳಿಗ್ಗೆ ಸೀಲಿಂಗಿನಲ್ಲಿ ಅಡ್ಡಡ್ಡ ಒದ್ದೆ ಗೆರೆಗಳು ಕಂಡರೆ ಅದು ಪಟ್ಟಿಗಳ ಗುರುತು. ಪ್ರತಿ ಪಟ್ಟಿಯ ಮೇಲೂ 6ರಿಂದ 9 ಮಿ.ಮೀ. ನೈಟ್ರೈಲ್ ಪಟ್ಟಿ ಹಾಯಿಸಿ, ಅದರ ಮೇಲೆ ತೆಳು ಮರದ ರೀಪು, ಅದಕ್ಕೆ ಸೀಲಿಂಗ್. ಪಟ್ಟಿಯ ಕೆಳಗೆ ಎತ್ತರ ಕಳೆದುಕೊಳ್ಳುವುದು ಎರಡು ಸೆಂ.ಮೀ.ಗಿಂತ ಹೆಚ್ಚಾಗದು.

ಇಬ್ಬರು ರಾತ್ರಿಯಿಡೀ ಮಲಗಿದರೆ ಉಸಿರಿನಿಂದಲೇ ಅರ್ಧ ಲೀಟರಿಗೂ ಹೆಚ್ಚು ನೀರು ಗಾಳಿಗೆ ಸೇರುತ್ತದೆ. ಒಂದು ಕೆ.ಜಿ. ಎಲ್‌ಪಿಜಿ ಉರಿದರೆ ಸುಮಾರು 1.6 ಕೆ.ಜಿ. ನೀರಿನ ಹಬೆ ಬರುತ್ತದೆ. ಒಳಗೆ 22 ಡಿಗ್ರಿ, ತೇವಾಂಶ ಶೇ 75 ಇದ್ದರೆ 17 ಡಿಗ್ರಿಗಿಂತ ತಣ್ಣಗಿರುವ ಯಾವ ಲೋಹಕ್ಕೂ ನೀರು ಕಟ್ಟುತ್ತದೆ. ಮೋಡವಿಲ್ಲದ ರಾತ್ರಿ ಟಾಪು ಹೊರಗಿನ ಗಾಳಿಗಿಂತಲೂ ಒಂದೆರಡು ಡಿಗ್ರಿ ಕೆಳಗೆ ಇಳಿಯುತ್ತದೆ, ಬಿಳಿ ಬಣ್ಣ ಇಲ್ಲಿ ಏನೂ ಸಹಾಯ ಮಾಡದು. ಆದ್ದರಿಂದ ಎಷ್ಟು ಇನ್ಸುಲೇಶನ್ ಹಾಕಿದರೂ ಗಾಳಿ ಹೋಗುವ ದಾರಿ ಬೇಕೇ ಬೇಕು. ಟಾಪಿನ ಫ್ಯಾನಿನ ಸಾಮಾನ್ಯ ಅಳತೆ 14 × 14 ಇಂಚು, ಅಂದರೆ 355 ಮಿ.ಮೀ. ಎರಡು ಪಟ್ಟಿಗಳ ನಡುವೆಯೇ ಕತ್ತರಿಸಿ, ಪಟ್ಟಿಯನ್ನು ಕಡಿಯಬೇಡಿ. ಕತ್ತರಿಸಿದ ಅಂಚಿಗೆ ಅಲ್ಲೇ ಪ್ರೈಮರ್, ಒಳಗಿನಿಂದ ಚೌಕಟ್ಟು, ಫ್ಯಾನಿನ ಅಂಚಿನ ಕೆಳಗೆ ಬ್ಯುಟೈಲ್ ಟೇಪ್, ಸ್ಕ್ರೂ ತಲೆಗಳ ಮೇಲೆ ಪಿಯು ಸೀಲೆಂಟ್. ಗ್ರೈಂಡರಿನ ಕಿಡಿ ಟಾಪಿನ ಪೇಂಟಿನ ಮೇಲೆ ಬಿದ್ದರೆ ವಾರದೊಳಗೆ ಕಂದು ಚುಕ್ಕಿ ಏಳುತ್ತದೆ. ಜಿಗ್ ಗರಗಸ ಬಳಸಿ, ಸುತ್ತ ಕಾಗದ ಅಂಟಿಸಿ, ಪುಡಿಯನ್ನು ಮ್ಯಾಗ್ನೆಟ್ಟಿನಿಂದ ಎತ್ತಿ ತೆಗೆಯಿರಿ.

ಸೋಲಾರ್ ಪ್ಯಾನೆಲ್ ಹಾಕುವ ಯೋಚನೆ ಇದ್ದರೆ ಟಾಪಿಗೆ ಅಂಟಿಸುವ ತೆಳು ಜಾತಿಗಿಂತ, 50–75 ಮಿ.ಮೀ. ಎತ್ತರದ ಸ್ಟ್ಯಾಂಡಿನ ಮೇಲೆ ಕೂರುವ ಗಾಜಿನ ಪ್ಯಾನೆಲ್ ಒಳ್ಳೆಯದು. ಕೆಳಗೆ ಗಾಳಿ ಆಡಿ ಟಾಪಿಗೆ ನೆರಳಾಗುತ್ತದೆ. 25 ಡಿಗ್ರಿ ದಾಟಿದ ಮೇಲೆ ಒಂದೊಂದು ಡಿಗ್ರಿಗೂ ಪ್ಯಾನೆಲ್ ಶೇ 0.4ರ ಹತ್ತಿರ ವಿದ್ಯುತ್ ಕಳೆದುಕೊಳ್ಳುವುದರಿಂದ ಅದಕ್ಕೂ ಲಾಭ. ಸ್ಟ್ಯಾಂಡಿನ ಬೋಲ್ಟು ಅಡ್ಡಪಟ್ಟಿಗೆ ಬೀಳಲಿ, ಬರೀ ತಗಡಿಗೆ ಬೇಡ. ಸೀಲಿಂಗ್ ಮುಚ್ಚುವ ಮುಂಚೆ ಈ ಬೋಲ್ಟುಗಳೂ ಫ್ಯಾನೂ ವೈರೂ ಕೂತಿರಬೇಕು, ಆಮೇಲೆ ಇನ್ನೊಮ್ಮೆ ಪೈಪಿನ ನೀರು ಬಿಟ್ಟು ನೋಡಬೇಕು. ಸೀಲಿಂಗನ್ನು ಅಂಟಿಸದೆ ಸ್ಕ್ರೂನಲ್ಲೇ ಹಿಡಿಸಿ. ಪ್ರತಿ ವರ್ಷ ಮೇ ಕೊನೆಯಲ್ಲಿ, ಮುಂಗಾರಿಗೆ ಮುಂಚೆ, ಫ್ಯಾನಿನ ಅಂಚು, ಬೋಲ್ಟುಗಳ ಸುತ್ತ, ದೋಣಿಯ ಜಾಯಿಂಟುಗಳಲ್ಲಿ ಸೀಲೆಂಟನ್ನು ಉಗುರಿನಿಂದ ಒತ್ತಿ ನೋಡಿ. ಬಿರುಸಾಗಿ ಎದ್ದು ಬಂದ ಕಡೆ ಹಳೆಯದನ್ನು ಪೂರ್ತಿ ಕೆರೆದು ತೆಗೆದೇ ಹೊಸದು ಹಾಕಬೇಕು, ಹಳೆಯದರ ಮೇಲೆ ಬಳಿದದ್ದು ಹಿಡಿಯುವುದಿಲ್ಲ.